ಹೊಳೆ ಬಂದ ಊರಿನ ಮಕ್ಕಳಿಗೆ ಏನು ಒಯ್ಯಬೇಕು?

ಪ್ರಶ್ನೆ: ನಾವು ಹುಬ್ಬಳ್ಳಿಯ ಒಂದು ಓಣಿಯ ಮಹಿಳಾ ಮಂಡಳದವರು. ನರಗುಂದ, ರೋಣ ಕಡೆಯ ಹೊಳೆದಂಡೆಯ ಹಳ್ಳಿಗಳಿಗೆ ನೀರು ನುಗ್ಗಿದೆ ಅಂತ ಕೇಳಿ 1,10,000 ರೂಪಾಯಿ ಕೂಡಿಸಿದ್ದೇವೆ. ಒಂದು ಕೋಣೆ ತುಂಬ ಹಳೆ ಬಟ್ಟೆಯೂ ಬಂದಿದೆ. ಮಕ್ಕಳಿಗೇ ಮುಟ್ಟಬೇಕು ಅನ್ನುವುದು ನಮ್ಮ ಆಸೆ. ಹಾಲಿನ ಪುಡಿ ಡಬ್ಬಿ, ಬಾಟಲಿ, ಬಿಸ್ಕೀಟು, ಆಟಿಕೆ ತೆಗೆದುಕೊಂಡು ಈ ಭಾನುವಾರವೇ ಟೆಂಪೋ ಮಾಡಿಕೊಂಡು ಹೋಗೋಣ ಅಂತಿದ್ದೇವೆ. ಸರಿನಾ? ಬೇರೆ ಏನಾದರೂ ಒಯ್ಯಬೇಕಾ?

ಉತ್ತರ: ಅಕ್ಕಾರೇ, ದುಡ್ಡು ಕೂಡಿಸಿದ್ದು ಒಳ್ಳೆಯದಾಯಿತು. ಟೆಂಪೋದವನಿಗೆ ಮಾತ್ರ ಈ ಭಾನುವಾರ ಬೇಡ ಅಂತ ಫೋನ್ ಮಾಡಿ. ಹಾಲಿನ ಪುಡಿ, ಬಾಟಲಿ ಎರಡನ್ನೂ ಪಟ್ಟಿಯಿಂದ ಹೊಡೆದು ಹಾಕಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳ ಪೌಷ್ಟಿಕತೆಯ ಕೆಲಸ ಮಾಡಿಕೊಂಡು ಬಂದವಳು. ನೀವು ಈಗ ಮಾಡಬೇಕು ಅಂತಿರುವುದನ್ನು 2009ರ ಅಕ್ಟೋಬರ್‌ನಲ್ಲಿ ನಾನೇ ಮಾಡಿದ್ದೆ. ಊರಿನ ಜನ ಗುಡಿಯ ಪೌಳಿಯಲ್ಲಿ ಇದ್ದರು. ಕೂಸು ಇದ್ದ ತಾಯಂದಿರಿಗೆಲ್ಲ ಹಾಲಿನ ಪುಡಿ ಡಬ್ಬಿ ಹಂಚಿದೆ, ಪ್ರತಿ ಡಬ್ಬಿಯ ಜೊತೆ ಒಂದು ಬಾಟಲಿ. ಎಲ್ಲರೂ ಕೈ ಮುಗಿದರು, ನನಗೂ ಖುಷಿ. ನಾಲ್ಕು ದಿನ ಬಿಟ್ಟು ಹೋದೆ. ಒಬ್ಬ ತಾಯಿಯ ಪಕ್ಕದಲ್ಲಿ ಅದೇ ಬಾಟಲಿ ಬಿದ್ದಿತ್ತು. ನಿಪ್ಪಲ್ ಒಳಗೆ ಹಳದಿ ಗಟ್ಟಿ ಕಟ್ಟಿತ್ತು, ಮೇಲೆ ನೊಣ. ಐದು ತಿಂಗಳ ಕೂಸಿಗೆ ಬೆಳಿಗ್ಗೆಯಿಂದ ಏಳು ಸಲ ಭೇದಿಯಾಗಿತ್ತು. ಬಾಟಲಿ ಎಲ್ಲಿ ತೊಳೀತೀರಿ ಅಂತ ಕೇಳಿದರೆ ಟ್ಯಾಂಕರ್ ನೀರು ತುಂಬಿದ ಡ್ರಮ್ ತೋರಿಸಿದಳು. ಅದರ ತಳದಲ್ಲಿ ಎರಡು ಬೆರಳು ದಪ್ಪ ಕೆಸರು. ಕುದಿಸೋಣ ಅಂದರೆ ಒಣ ಕಟ್ಟಿಗೆ ಊರಲ್ಲೇ ಇರಲಿಲ್ಲ. ಕೂಸು ಉಳಿಯಿತು, ಮೂರು ದಿನ ಸಲೈನ್ ಹಚ್ಚಿ ಇಟ್ಟುಕೊಂಡಿದ್ದರು. ಆ ತಾಯಿಗೆ ಎದೆಹಾಲು ಚೆನ್ನಾಗಿಯೇ ಇತ್ತು ನೋಡಿ. ನಾನು ಡಬ್ಬಿ ಕೊಟ್ಟ ಮೇಲೆ ಇದೇ ಶಕ್ತಿ ಜಾಸ್ತಿ ಇರಬೇಕು ಅಂದುಕೊಂಡು ಎದೆ ಕೊಡುವುದನ್ನು ಕಡಿಮೆ ಮಾಡಿದ್ದಳು.

ಇನ್ನೊಂದು ವಿಷಯ ಆಗ ನನಗೇ ಗೊತ್ತಿರಲಿಲ್ಲ. 1992ರ ಶಿಶು ಹಾಲಿನ ಪರ್ಯಾಯ ಮತ್ತು ಬಾಟಲಿಗಳ ಕಾಯ್ದೆಯ ಪ್ರಕಾರ ಇವನ್ನು ಜನರಿಗೆ ಹೀಗೆ ದಾನವಾಗಿ ಹಂಚುವಂತಿಲ್ಲ. ಅನಾಥಾಲಯಕ್ಕೆ ಮಾತ್ರ ವಿನಾಯಿತಿ. ತಾಯಿಯೇ ಇಲ್ಲದ ಕೂಸಿದ್ದರೆ ಏನು ಕೊಡಬೇಕು ಅಂತ ಡಾಕ್ಟರ್ ಹೇಳಬೇಕು. ಅದನ್ನೂ ಬಾಟಲಿಯಲ್ಲಿ ಬೇಡ. ಒಳಲೆಯಲ್ಲೋ ಬಟ್ಟಲು ಚಮಚದಲ್ಲೋ ಕುಡಿಸಬೇಕು, ಅದನ್ನು ತೊಳೆಯುವುದು ಸುಲಭ.

"ಹೊಳಿ ನೋಡಿ ಎದಿ ಒಡದ್ವು, ಹಾಲು ಬತ್ತಿ ಹೋದ್ವು" ಅಂತ ಹೆಣ್ಣುಮಕ್ಕಳು ಹೇಳುತ್ತಾರೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹೆದರಿಕೆಗೆ ಹಾಲು ಇಳಿಯುವುದು ಸ್ವಲ್ಪ ಹೊತ್ತು ತಡೆಯುತ್ತದೆ. ಕೂಸನ್ನು ಮೇಲಿಂದ ಮೇಲೆ ಎದೆಗೆ ಹಚ್ಚಿದರೆ ಮತ್ತೆ ಬರುತ್ತದೆ. ಅದಕ್ಕೆ ತಾಯಿ ಹೊಟ್ಟೆ ತುಂಬ ಉಣ್ಣಬೇಕು, ನೀರು ಕುಡಿಯಬೇಕು, ನಾಲ್ಕು ಜನರ ಕಣ್ಣು ಬೀಳದ ಒಂದು ಮೂಲೆ ಬೇಕು. ಮನೆ ಬಿಟ್ಟು ಬಂದವರನ್ನು ಇರಿಸಿದ ಸಾಲಿ (ಶಾಲೆ) ಕೋಣೆಯಲ್ಲಿ ಮಾವ, ಮೈದುನ, ಓಣಿಯ ಗಂಡಸರೆಲ್ಲ ಕೂತಿರುವಾಗ ಹೊಸ ಬಾಣಂತಿ ಎಲ್ಲಿ ಎದೆ ಕೊಡಬೇಕು ಹೇಳಿ? ನಿಮ್ಮ ಕೋಣೆ ತುಂಬ ಬಂದಿರುವ ಬಟ್ಟೆಯಲ್ಲಿ ಹಳೆ ಕಾಟನ್ ಸೀರೆಗಳನ್ನು ಆರಿಸಿಕೊಳ್ಳಿ. ಅವಕ್ಕೆ ಸುತಳಿ, ನಾಲ್ಕು ಬಿದಿರು ಗಳ ಸೇರಿದರೆ ಮರೆ ಆಯಿತು. ಹತ್ತು ಡಬ್ಬಿ ಪುಡಿಗಿಂತ ಈ ಮರೆ ಆ ಕೂಸಿಗೆ ಜಾಸ್ತಿ ಹಾಲು ಕೊಡುತ್ತದೆ.

ಬಟ್ಟೆ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಮಕ್ಕಳ ಸ್ವೆಟರ್, ಗಟ್ಟಿ ಚಾದರ, ಕಾಟನ್ ಸೀರೆ ಇಟ್ಟುಕೊಳ್ಳಿ, ಉಳಿದದ್ದನ್ನು ದಯವಿಟ್ಟು ಒಯ್ಯಬೇಡಿ. ಗುಂಡಿ ಹೋದ ಪ್ಯಾಂಟು, ಮದುವೆಯ ಜರಿ ಲಂಗ ರಸ್ತೆ ಬದಿ ಗುಡ್ಡೆ ಬಿದ್ದು ಮಳೆಗೆ ಕೊಳೆಯುವುದನ್ನು ಪ್ರತಿ ಸಲ ನೋಡಿದ್ದೇನೆ, ಅದನ್ನು ಎತ್ತುವ ಕೆಲಸ ಪಾಪ ಪಂಚಾಯಿತಿ ಪೌರಕಾರ್ಮಿಕರ ಪಾಲಿಗೆ. ಒಳಉಡುಪು ಮಾತ್ರ ಹೊಸದೇ ಕೊಳ್ಳಿ, ದೊಡ್ಡ ಹುಡುಗಿಯರಿಗೆ ಪ್ಯಾಡ್ ಜೊತೆ. ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ.

ಈ ಭಾನುವಾರ ಯಾಕೆ ಬೇಡ ಅಂದೆ?

ಆ ಊರುಗಳ ಹೊಳೆ ಮಲಪ್ರಭಾ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಮಳೆ ಅಲ್ಲಿ ಬೀಳುತ್ತದೆ, ನವಿಲುತೀರ್ಥ ಡ್ಯಾಮ್ ತುಂಬುತ್ತದೆ, ನೀರು ಬಿಡುತ್ತಾರೆ, ಕೊಣ್ಣೂರು, ಲಖಮಾಪುರದ ಕಡೆ ಬಿಸಿಲಿದ್ದರೂ ಹೊಳೆ ಬರುತ್ತದೆ. ಇನ್ನು ಬೆಣ್ಣೆಹಳ್ಳದ ದಾರಿಯೇ ಬೇರೆ. ಅದು ಶಿಗ್ಗಾವಿ ಕಡೆಯಿಂದ ಬಂದು ಹುಬ್ಬಳ್ಳಿ, ನವಲಗುಂದ ತಾಲ್ಲೂಕಿನ ಎರೆ ಹೊಲಗಳನ್ನು ಹಾದು ರೋಣ ತಾಲ್ಲೂಕಿನ ಮೆಣಸಗಿ ಹತ್ತಿರ ಮಲಪ್ರಭೆಗೆ ಸೇರುತ್ತದೆ. ಅದಕ್ಕೆ ಡ್ಯಾಮ್ ಇಲ್ಲ, ಪಾತ್ರ ಸಣ್ಣದು, ಒಳಗೆಲ್ಲ ಜಾಲಿ. ರಾತ್ರಿ ಮಳೆ ಆದರೆ ಬೆಳಗಾಗುವುದರೊಳಗೆ ಉಕ್ಕುತ್ತದೆ. ಎರಡೂ ಒಟ್ಟಿಗೆ ಏರಿದವು ಅಂದರೆ ಹೊಳೆಆಲೂರು ಸುತ್ತಿನ ಹಳ್ಳಿಗಳಿಗೆ ದಾರಿಯೇ ಇರುವುದಿಲ್ಲ. ನಿಮ್ಮ ಟೆಂಪೋ ಸಿಕ್ಕಿಹಾಕಿಕೊಂಡರೆ ನಿಮ್ಮನ್ನು ಹೊರಗೆ ತರಲು ಬೋಟ್ ಬೇಕಾಗುತ್ತದೆ. ಆ ಬೋಟ್ ಆಗ ಬೇರೆಯವರಿಗೆ ಬೇಕಿರುತ್ತದೆ. ಜಿಲ್ಲಾ ಕಂಟ್ರೋಲ್ ರೂಮಿನ ನಂಬರ್ 1077. ಗದಗದ ಕಚೇರಿಗೇ ಕೇಳಿ, ಹುಬ್ಬಳ್ಳಿಯಿಂದ ಒತ್ತಿದರೆ ಧಾರವಾಡಕ್ಕೆ ಹೋಗಬಹುದು.

ಇನ್ನೊಂದು ಕಾರಣ ಮುಖ್ಯವಾದದ್ದು. ಮೊದಲ ವಾರ ಕಾಳಜಿ ಕೇಂದ್ರದಲ್ಲಿ (ನಾವು ಹಳಬರು ಈಗಲೂ ಗಂಜಿ ಕೇಂದ್ರ ಅಂತಲೇ ಅನ್ನುತ್ತೇವೆ) ಊಟಕ್ಕೆ ಅಂಥಾ ಕೊರತೆ ಇರುವುದಿಲ್ಲ. ಸರಕಾರ ಅಡುಗೆ ಮಾಡಿಸುತ್ತದೆ. ಮಠಗಳಿಂದ, ಸಂಘಗಳಿಂದ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದ ಊರೂರಿನ ಹೆಣ್ಣುಮಕ್ಕಳು ರಾತ್ರಿಯಿಡೀ ಕೂತು ಖಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿ ಕಳಿಸಿದ್ದು ನಿಮಗೂ ನೆನಪಿರಬೇಕು. ನೀವೂ ಬಡಿದಿರಬಹುದು! ಬಿಸ್ಕೀಟಂತೂ ಆ ವಾರ ದನಕ್ಕೆ ಹಾಕುವಷ್ಟು ಬರುತ್ತದೆ. ಇಪ್ಪತ್ತನೇ ದಿನ ಹೋಗಿ ನೋಡಿ. ಕೇಂದ್ರ ಮುಚ್ಚಿರುತ್ತದೆ, ಟಿವಿಯವರು ಹೋಗಿರುತ್ತಾರೆ, ಮನೆಯಲ್ಲಿ ಮೊಣಕಾಲುದ್ದ ರಾಡಿ, ಒಲೆ ಕರಗಿದೆ, ಕಾಳು ಮೊಳಕೆ ಬಂದು ನಾರುತ್ತಿದೆ. ಮಕ್ಕಳು ತೂಕ ಕಳೆದುಕೊಳ್ಳುವುದು ಆಗ. ನನ್ನ ಮಾತು ಕೇಳುವುದಾದರೆ ಅರ್ಧಕ್ಕಿಂತ ಜಾಸ್ತಿ ದುಡ್ಡು ಜನ ಮನೆಗೆ ಮರಳುವ ಹೊತ್ತಿಗೆ ಎತ್ತಿಡಿ.

ಹಾಗಾದರೆ ಈಗ ಏನೂ ಬೇಡವಾ? ಬೇಕು. ಮೊದಲು ಮೇವು.

ಮಕ್ಕಳಿಗೆ ಅಂತ ಕೇಳಿದರೆ ಇವಳು ಮೇವು ಅಂತಾಳಲ್ಲ ಅನ್ನಬೇಡಿ. ನೀರು ಏರುತ್ತಿದ್ದರೂ ಎಷ್ಟೋ ಕುಟುಂಬಗಳು ಊರು ಬಿಡುವುದಿಲ್ಲ, ಯಾಕೆಂದರೆ ಕೇಂದ್ರದಲ್ಲಿ ಎಮ್ಮೆ ಕಟ್ಟಲು ಜಾಗ ಇರುವುದಿಲ್ಲ. ಗಂಡ ಎಮ್ಮೆ ಬಿಡುವುದಿಲ್ಲ, ಹೆಂಡತಿ ಗಂಡನನ್ನು ಬಿಡುವುದಿಲ್ಲ, ಮಕ್ಕಳು ಮಾಳಿಗೆ ಮೇಲೆ. 2019ರಲ್ಲಿ ಒಬ್ಬ ಅಜ್ಜ ನನಗೆ ನೇರವಾಗಿ ಹೇಳಿದ್ದ, "ತಂಗಿ, ಮೊಮ್ಮಕ್ಳಿಗೆ ನೀ ಅನ್ನ ಹಾಕ್ತಿ ಖರೆ, ನನ್ನ ಎತ್ತಿಗೆ ಯಾರ ಹಾಕ್ತಾರ?" ಎತ್ತರದ ಜಾಗದಲ್ಲಿ ಒಂದು ಟ್ರ್ಯಾಕ್ಟರ್ ಕಣಿಕೆ, ಹೊಟ್ಟು ಇಳಿಸಿದ ಮರುದಿನ ಆ ಓಣಿಯಿಂದ ಮಕ್ಕಳು ಹೊರಗೆ ಬಂದವು. ಕುಂದಗೋಳ, ಅಣ್ಣಿಗೇರಿ ಕಡೆ ನಿಮ್ಮ ಬಳಗದ ರೈತರು ಇದ್ದೇ ಇರುತ್ತಾರೆ. ಕೇಳಿದರೆ ಕಣಿಕೆ ಹಾಗೇ ಕೊಡುತ್ತಾರೆ, ನಿಮಗೆ ಬೀಳುವುದು ಬಾಡಿಗೆ ಅಷ್ಟೇ. ನೀವು ಹೋಗಬೇಕಾಗಿಲ್ಲ. ದಾರಿ ಇದೆ ಅಂತ ಕೇಳಿಕೊಂಡು, ಆ ಭಾಗ ಗೊತ್ತಿರುವ ಡ್ರೈವರ್ ಕೈಯಲ್ಲಿ ಕಳಿಸಿ.

ಎರಡನೆಯದು ನೀರು. ತುರ್ತು ಪರಿಹಾರದ ಅಂತರರಾಷ್ಟ್ರೀಯ ಅಳತೆಗಳಿವೆ, ಸ್ಫಿಯರ್ ಅಂತಾರೆ. ಅದರ ಪ್ರಕಾರ ಒಬ್ಬರಿಗೆ ದಿನಕ್ಕೆ ಕಡಿಮೆ ಅಂದರೂ 15 ಲೀಟರ್ ನೀರು ಬೇಕು, ಮಲಗಿ ಏಳಲು 3.5 ಚದರ ಮೀಟರ್ ಜಾಗ ಬೇಕು. ನಮ್ಮ ಸಾಲಿ ಕೋಣೆ 20 ಅಡಿಗೆ 20 ಅಡಿ ಅಂತ ಹಿಡಿದರೆ ಹತ್ತು ಜನರಿಗೆ ಸರಿ. ನಾನು ನೋಡಿದ್ದು ಮೂವತ್ತು, ಮೂವತ್ತೈದು ಜನ. ಇಷ್ಟು ಒತ್ತಾಗಿ ಇದ್ದಾಗ ಒಂದು ಮಗುವಿನ ಭೇದಿ ನಾಲ್ಕು ದಿನದಲ್ಲಿ ಕೋಣೆಯದ್ದಾಗುತ್ತದೆ. ಅದಕ್ಕೆ ನಲ್ಲಿ ಇರುವ ಮುಚ್ಚಳದ ಡ್ರಮ್, ಉದ್ದ ಹಿಡಿಯ ಸೌಟು, ಕ್ಲೋರಿನ್ ಮಾತ್ರೆ, ಕೈಗೆ ಸಾಬೂನು ಕೊಡಿಸಿ. ಕೆಂಪು ನೀರಿಗೆ ಮಾತ್ರೆ ಹಾಕಿದರೆ ಕೆಲಸ ಮಾಡುವುದಿಲ್ಲ. ಮೊದಲು ನೀರನ್ನು ತಿಳಿಯಾಗಲು ಬಿಟ್ಟು, ಕಾಟನ್ ಸೀರೆ ನಾಲ್ಕು ಪದರ ಮಡಚಿ ಸೋಸಿ, ಆಮೇಲೆ ಮಾತ್ರೆ ಹಾಕಬೇಕು. ಎಷ್ಟು ಲೀಟರಿಗೆ ಎಷ್ಟು ಅಂತ ಮಾತ್ರೆಯ ಪಟ್ಟಿಯ ಮೇಲೆ ಬರೆದಿರುತ್ತದೆ. ಹಾಕಿ ಅರ್ಧ ಗಂಟೆ ಕಾಯಬೇಕು. ಈ ಅರ್ಧ ಗಂಟೆ ಯಾರೂ ಕಾಯುವುದಿಲ್ಲ, ಅದೇ ದೊಡ್ಡ ತಾಪತ್ರಯ. ಡ್ರಮ್ ಪಕ್ಕ ಒಬ್ಬ ಅಜ್ಜಿಯನ್ನು ಕೂರಿಸಿ ಬಿಡಿ, ಅಜ್ಜಿಯನ್ನು ದಾಟಿ ಯಾವ ಹುಡುಗನೂ ನೀರು ಮುಟ್ಟುವುದಿಲ್ಲ.

ಓಆರ್‌ಎಸ್ ಪುಡಿ, ಜಿಂಕ್ ಮಾತ್ರೆಗೆ ದುಡ್ಡು ಹಾಕಬೇಡಿ, ಆಶಾ ಕಾರ್ಯಕರ್ತೆಯರ ಹತ್ತಿರ ಪುಕ್ಕಟೆ ಸಿಗುತ್ತವೆ. ತಾಯಂದಿರಿಗೆ ಹೇಳಬೇಕಾದದ್ದು ಇಷ್ಟು: ಭೇದಿ ನಿಂತರೂ ಜಿಂಕ್ 14 ದಿನ ಪೂರ್ತಿ ಕೊಡಬೇಕು, ಎದೆಹಾಲು ನಿಲ್ಲಿಸಬಾರದು, ಊಟ ನಿಲ್ಲಿಸಬಾರದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಪಾಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು. ಕಣ್ಣು ಒಳಗೆ ಹೋಗಿದ್ದರೆ, ಮಗು ಮಂಕಾಗಿ ಕುಡಿಯುವುದನ್ನೇ ಬಿಟ್ಟಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಬೇಕು.

ಊಟದ ಬಗ್ಗೆ ಒಂದೇ ಮಾತು. ಕೇಂದ್ರದಲ್ಲಿ ಚಿತ್ರಾನ್ನ, ಪಲಾವು, ಸಾರು ಎಲ್ಲ ದೊಡ್ಡವರ ಖಾರಕ್ಕೆ ಆಗಿರುತ್ತವೆ. ಒಂದೂವರೆ ವರ್ಷದ ಕೂಸು ಎರಡು ತುತ್ತು ತಿಂದು ಅಳುತ್ತದೆ, ತಾಯಿ ಬಿಸ್ಕೀಟು ಕೊಟ್ಟು ಸುಮ್ಮನಾಗಿಸುತ್ತಾಳೆ. ಅಡುಗೆ ಭಟ್ಟರಿಗೆ ಹೇಳಿ, ಒಗ್ಗರಣೆ, ಖಾರ ಬೀಳುವ ಮುಂಚೆ ಅನ್ನ ಬೇಳೆ ಒಂದು ಪಾತ್ರೆಯಲ್ಲಿ ಬೇರೆ ತೆಗೆದು, ಮೆತ್ತಗೆ ಕಿವುಚಿ, ಒಂದು ಚಮಚ ಎಣ್ಣೆಯೋ ತುಪ್ಪವೋ ಹಾಕಿ ಇಡಲಿ. ಖರ್ಚು ಏನೂ ಇಲ್ಲ. ನಾನು ಇಷ್ಟು ವರ್ಷದಲ್ಲಿ ಮಾಡಿದ ಕೆಲಸಗಳಲ್ಲಿ ಇದೊಂದೇ ಮೊದಲ ದಿನವೇ ಫಲ ಕೊಟ್ಟದ್ದು.

ಈಗ ಮನೆಗೆ ಮರಳುವ ಹೊತ್ತು. ಅಪಾಯ ಜಾಸ್ತಿ ಇರುವುದು ಆಗಲೇ.

ನಮ್ಮ ಕಡೆಯ ಮಣ್ಣಿನ ಗೋಡೆ ನೀರಲ್ಲಿದ್ದಾಗಲೇ ಬೀಳಬೇಕು ಅಂತೇನಿಲ್ಲ. ನೀರು ಇಳಿದು, ಬಿಸಿಲು ಬಿದ್ದು, ಮೇಲುಮುದ್ದೆಯ (ಮಣ್ಣಿನ ಮಾಳಿಗೆಯ) ಭಾರ ಹಾಗೇ ಇದ್ದು, ನಾಲ್ಕೈದು ದಿನ ಬಿಟ್ಟು ನಡುರಾತ್ರಿ ಕುಸಿಯುತ್ತದೆ. 2024ರ ಜುಲೈನಲ್ಲಿ ಹಾವೇರಿ ಜಿಲ್ಲೆಯಲ್ಲಿ ಮಳೆಗೆ ನೆನೆದ ಮನೆ ಬಿದ್ದು ಪುಟ್ಟ ಮಕ್ಕಳು ತೀರಿಕೊಂಡರಲ್ಲ, ಅಲ್ಲಿ ಹೊಳೆಯೂ ಬಂದಿರಲಿಲ್ಲ, ಬರೀ ಮಳೆ. ಹೊಸ ಬಿರುಕು, ಉಬ್ಬಿದ ಗೋಡೆ, ತೊಲೆಯಿಂದ ಉದುರುವ ಮಣ್ಣು ಕಂಡರೆ ಆ ಮನೆಯಲ್ಲಿ ಮಕ್ಕಳನ್ನು ಮಲಗಿಸಬಾರದು. ಗೋಡೆ ಸರಿಯಾಗುವವರೆಗೆ ಎಲ್ಲಿ ಮಲಗಬೇಕು? ನಿಮ್ಮ ದುಡ್ಡಿನಲ್ಲಿ ಗಟ್ಟಿ ತಾಡಪಾಲು, ಹಗ್ಗ ಕೊಳ್ಳಿ, ಅಂಗಳದಲ್ಲೇ ಗುಡಾರ ಆಗುತ್ತದೆ. ಜೊತೆಗೆ ಹಾಸಲು ಚಾಪೆ, ಹೊದೆಯಲು ಚಾದರ. ಒದ್ದೆ ಕೌದಿ ಎತ್ತಿ ನೋಡಿದ್ದೀರಾ? ಇಬ್ಬರು ಹಿಡಿದರೂ ಏಳುವುದಿಲ್ಲ, ಒಣಗಲು ಮಳೆಗಾಲದಲ್ಲಿ ವಾರ ಸಾಲದು. ಅದರ ಮೇಲೇ ಮಲಗಿ ಮಕ್ಕಳಿಗೆ ಕೆಮ್ಮು.

ಹಗೇವು (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಇರುವ ಊರಾದರೆ ಇನ್ನೂ ಎಚ್ಚರ. ನೀರು ಹೊಕ್ಕು ಜೋಳ ಕೊಳೆತ ಹಗೇವಿನೊಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಬಾಯಿ ಸಣ್ಣದು ಅಂತ ಕಾಳು ತೆಗೆಯಲು ಹುಡುಗರನ್ನು ಇಳಿಸುತ್ತಾರೆ. ಯಾರನ್ನೂ ಇಳಿಸಬೇಡಿ. ಬಾಯಿ ಮುಚ್ಚಿ ಸುತ್ತ ಮುಳ್ಳು ಹಾಕಿಸಿ. ಇನ್ನು ಹಾವು. ಕೊಳಕುಮಂಡಲ, ನಾಗರ ಎರಡೂ ಒಣ ಜಾಗ ಹುಡುಕಿಕೊಂಡು ಮನೆಯ ಕಟ್ಟಿಗೆ ಒಟ್ಟಿಲಿಗೆ ಬರುತ್ತವೆ. ಮೂಲೆಗೆ ಕೈ ಹಾಕುವ ಮುಂಚೆ ಕೋಲು ಹಾಕಬೇಕು. ಕಚ್ಚಿದರೆ ಬ್ಲೇಡಿನಿಂದ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಗುಡಿಗೆ ಒಯ್ಯುವುದು ಯಾವುದೂ ಬೇಡ. ಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ. ರಾಡಿಯಲ್ಲಿ ಬರಿಗಾಲಲ್ಲಿ ಆಡಿದ ಮಗುವಿಗೆ ಜ್ವರ, ಮೀನಖಂಡದಲ್ಲಿ ನೋವು ಬಂದರೆ ಇಲಿ ಜ್ವರ ಇರಬಹುದು, ಮೆಡಿಕಲ್ ಶಾಪಿನ ಗುಳಿಗೆ ನುಂಗಿಸಿ ಕೂರಬಾರದು.

ಮನೆ ತೊಳೆಯುವ ಮುಂಚೆ ಫೋಟೋ! ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ ಬೇಕಾದರೆ. ಹೆಣ್ಣುಮಕ್ಕಳು ಬಂದ ಕೂಡಲೇ ಸೆರಗು ಕಟ್ಟಿ ರಾಡಿ ಎತ್ತಲು ಶುರು ಮಾಡುತ್ತಾರೆ. ಆಮೇಲೆ ಪಂಚನಾಮೆಗೆ ಬಂದವರಿಗೆ ತೋರಿಸಲು ಏನೂ ಇರುವುದಿಲ್ಲ. ನೀರಿನ ಗುರುತು, ಬಿದ್ದ ಗೋಡೆ, ಹಾಳಾದ ಪಾತ್ರೆ, ಸತ್ತ ದನ, ಎಲ್ಲದರ ಫೋಟೋ ಬೇಕು, ಮನೆ ಬಾಗಿಲು ಕಾಣುವ ಹಾಗೆ. ರಾಜ್ಯ ವಿಪತ್ತು ನಿಧಿಯ 2022-26ರ ಲೆಕ್ಕದಲ್ಲಿ ಬಟ್ಟೆಗೆ 2,500, ಪಾತ್ರೆಗೆ 2,500, ಪೂರ್ತಿ ಬಿದ್ದ ಮನೆಗೆ 1,20,000, ಹಾಲು ಕೊಡುವ ಎಮ್ಮೆಗೆ 37,500 ರೂಪಾಯಿ ಅಂತ ಇತ್ತು, ಒಮ್ಮೊಮ್ಮೆ ರಾಜ್ಯ ಸರಕಾರ ಮೇಲೆ ಸೇರಿಸಿ ಕೊಡುತ್ತದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಘೋಷಿಸಿದ್ದರು. ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿರುತ್ತದೆ, ಆಧಾರ್ ಕಾರ್ಡ್ ಹೊಳೆ ಪಾಲಾಗಿರುತ್ತದೆ, ಬ್ಯಾಂಕ್ ಖಾತೆ ಬಂದ್ ಆಗಿರುತ್ತದೆ. ತಲಾಟಿ ಹತ್ತಿರ ಒಮ್ಮೆ, ಪಿಡಿಒ ಹತ್ತಿರ ಒಮ್ಮೆ ಅಲೆಯುವ ಹೊತ್ತಿಗೆ ಒಂದು ತಿಂಗಳ ಕೂಲಿ ಹೋಗುತ್ತದೆ. ನಿಮ್ಮ ಮಂಡಳದಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಲ್ಯಾಪ್‌ಟಾಪ್, ಪ್ರಿಂಟರ್ ಜೊತೆ ಎರಡು ದಿನ ಆ ಊರ ಗುಡಿಯ ಕಟ್ಟೆಯಲ್ಲಿ ಕೂರಿಸಿ. ಒಂದು ಟೆಂಪೋ ಸಾಮಾನಿಗಿಂತ ಅದರಿಂದ ಜಾಸ್ತಿ ದುಡ್ಡು ಆ ಮನೆಗಳಿಗೆ ಸೇರುತ್ತದೆ. ತಾಯಿ ಕಾರ್ಡ್ (ಕೂಸಿನ ಚುಚ್ಚುಮದ್ದು ಬರೆದಿಡುವ ಕಾರ್ಡ್) ಕಳೆದ ತಾಯಂದಿರ ಪಟ್ಟಿಯನ್ನೂ ಅವರೇ ಮಾಡಿ ನರ್ಸಮ್ಮನಿಗೆ ಕೊಡಲಿ. ಇಷ್ಟು ಜನ ಒಟ್ಟಿಗಿದ್ದಾಗ ದಡಾರ ಬಂದರೆ ಹಬ್ಬುತ್ತದೆ, ಒಂಬತ್ತು ತಿಂಗಳ ಚುಚ್ಚುಮದ್ದು ತಪ್ಪಿದ ಕೂಸುಗಳು ಯಾವುವು ಅಂತ ಗೊತ್ತಿರಬೇಕು.

ಆಟಿಕೆ ಅಂದಿರಿ. ಬೇಡ ಅನ್ನುವುದಿಲ್ಲ, ಎರಡು ಚೆಂಡು, ಜಿಗಿಯುವ ಹಗ್ಗ, ಬಣ್ಣದ ಪೆನ್ಸಿಲ್ ಸಾಕು. ಮಕ್ಕಳಿಗೆ ಬೇಕಾದದ್ದು ದಿನಾ ಅದೇ ಹೊತ್ತಿಗೆ ಆಡಿಸುವ ಒಬ್ಬರು, ಅಂಗನವಾಡಿ ಟೀಚರ್ ಆದರೆ ಇನ್ನೂ ಚಲೋ. ಮಳೆ ಸದ್ದಿಗೆ ಬೆಚ್ಚುವುದು, ಹಾಸಿಗೆ ಒದ್ದೆ ಮಾಡುವುದು, ಅವ್ವನ ಸೆರಗು ಬಿಡದಿರುವುದು ಕೆಲವು ವಾರ ಇರುತ್ತದೆ. "ಹೊಳೆ ಬಂದಾಗ ನಿನಗೆ ಏನಾಯಿತು" ಅಂತ ಕೆದಕಿ ಕೇಳಬೇಡಿ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ. ತಿಂಗಳಾದರೂ ಮಗು ಮಾತು ಬಿಟ್ಟಿದ್ದರೆ, ಉಣ್ಣದಿದ್ದರೆ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದೊಯ್ಯಬಹುದು. ಸಾಮಾನು ಕೊಡುವಾಗ ಮಕ್ಕಳನ್ನು ಸಾಲು ನಿಲ್ಲಿಸಿ ಫೋಟೋ ತೆಗೆಯುವುದನ್ನಂತೂ ಬಿಟ್ಟುಬಿಡಿ. ಒಂಟಿ ಮಗು ಕಂಡರೆ ಮನೆಗೆ ಕರೆತರಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಮೂರು ನಾಲ್ಕು ತಿಂಗಳಾದ ಮೇಲೆ ದೊಡ್ಡ ಹುಡುಗಿಯ ಮದುವೆ ಮಾತು ಕೇಳಿಬಂದರೆ, ಹುಡುಗನನ್ನು ಗೋವಾಕ್ಕೆ ದುಡಿಯಲು ಕಳಿಸುತ್ತಾರಂತೆ ಅಂದರೆ, ಅದೇ ನಂಬರ್.

ಸಾಲಿ ಪುಸ್ತಕ ಇಲಾಖೆಯಿಂದಲೇ ಬರಬೇಕು. ಹೆಡ್ ಮಾಸ್ತರರು ಬಿಇಒ ಕಚೇರಿಗೆ ಪಟ್ಟಿ ಕಳಿಸಿದರಾ ಅಂತ ವಿಚಾರಿಸಿ ಅಷ್ಟೇ. ಯಾರೂ ಕೊಡದೇ ಇರುವುದು ನೋಟ್ಸು. ಎಸ್‌ಎಸ್‌ಎಲ್‌ಸಿ ಹುಡುಗಿಗೆ ಜೂನ್‌ನಿಂದ ಬರೆದ ಎಲ್ಲ ನೋಟ್‌ಬುಕ್ ಹೋಗಿರುತ್ತದೆ. ನಿಮ್ಮ ಓಣಿಯ ಹತ್ತನೇ ತರಗತಿಯ ಮಕ್ಕಳ ನೋಟ್ಸ್ ಜೆರಾಕ್ಸ್ ಮಾಡಿಸಿ, ಹೊಲಿಸಿ ಕಳಿಸಿ. ಕನ್ನಡ ಮಾಧ್ಯಮದ್ದೇ ಇರಲಿ.

ಕೊನೆಗೆ ಚಪ್ಪಲಿ. ಹೊಳೆ ಬಂದ ಊರಲ್ಲಿ ಮಕ್ಕಳೆಲ್ಲ ಬರಿಗಾಲಲ್ಲಿ ಇರುತ್ತವೆ, ರಾಡಿಯೊಳಗೆ ಮೊಳೆ, ಗಾಜು, ಜಾಲಿಮುಳ್ಳು. ಒಂದೇ ಅಳತೆಯ ನೂರು ಜೋಡಿ ಒಯ್ದು ನಾನು ಮೋಸ ಹೋಗಿದ್ದೇನೆ, ಅರ್ಧ ಯಾರಿಗೂ ಆಗಲಿಲ್ಲ. ಈಗ ಅಂಗನವಾಡಿ ಟೀಚರ್‌ಗೆ ಫೋನ್ ಮಾಡಿ ಹೇಳುತ್ತೇನೆ. ಅವರು ಪ್ರತಿ ಮಗುವನ್ನು ಹಳೆ ಪೇಪರ್ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಪಾದ ಬರೆದು, ಕತ್ತರಿಸಿ, ಮೇಲೆ ಹೆಸರು ಹಾಕಿ ಬಸ್ಸಿನಲ್ಲಿ ಕಳಿಸುತ್ತಾರೆ. ಆ ಪಾದಗಳನ್ನು ಚೀಲದಲ್ಲಿ ಹಾಕಿಕೊಂಡು ದುರ್ಗದಬೈಲಿಗೆ ಹೋಗಿ ಒಂದೊಂದಕ್ಕೂ ಇಟ್ಟು ನೋಡಿ ಕೊಳ್ಳಿ. ಅಂಗಡಿಯವರು ಮೊದಲು ನಗುತ್ತಾರೆ, ಆಮೇಲೆ ರೇಟು ಕಡಿಮೆ ಮಾಡುತ್ತಾರೆ.